ಹತ್ತನೆಯ ಸಹಿ

ನಮ್ಮ ಕಾಕಾ ಹೊಸ ಪಕ್ಷ ಕಟ್ಟುತ್ತಾರಂತೆ ಎಂದು ನಾನು ಹೇಳಿದಾಗ ನನ್ನ ಹೆಂಡತಿ ಕೇಳಿದ ಮೊದಲ ಮಾತು, "ಡಾಕ್ಟರ್ ಕಡೆ ತೋರ್ಸೀರೇನ್ರಿ?"

ತೋರಿಸುವಂಥದ್ದೇನೂ ಇರಲಿಲ್ಲ. ಮೂವತ್ತು ವರ್ಷ ಪರದೇಶದ ರಾಯಭಾರ ಕಚೇರಿಗಳಲ್ಲಿ ದುಡಿದು, ನಿವೃತ್ತರಾಗಿ, ಗೋಕಾಕ ಹತ್ತಿರದ ನಮ್ಮೂರಿಗೆ ಬಂದ ಮನುಷ್ಯ ಹೊಲಕ್ಕೆ ನೀರು ಹಾಯಿಸಿಕೊಂಡು ಸುಮ್ಮನಿರಬಾರದೆ? ಇಲ್ಲ! ರಾಜಕೀಯ ಶುದ್ಧ ಮಾಡಬೇಕು! ಪಕ್ಷದ ಮೊದಲ ನಿಯಮವೇ ಎದುರಾಳಿಯನ್ನು ಬೈಯಬಾರದು ಎಂಬುದು. ಬೈಗುಳವಿಲ್ಲದ ಚುನಾವಣಾ ಭಾಷಣ ಉಪ್ಪಿಲ್ಲದ ಝುಣಕ ಇದ್ದಂತೆ. ಯಾರು ತಿನ್ನುತ್ತಾರೆ?

ಮೂಡಲಗಿಯ ಸಭೆಯಲ್ಲಿ ಕಾಕಾ ಅರ್ಧ ತಾಸು ಎದುರಾಳಿಯ ಗುಣಗಾನ ಮಾಡಿದರು. ಮುಂದೆ ಕುಳಿತಿದ್ದ, ಹೆಗಲ ಮೇಲೆ ಕಂಬಳಿ ಹೊದ್ದ ಹಿರಿಯರೊಬ್ಬರು ಎದ್ದು ಕೈಮುಗಿದರು. "ಸಾಹೇಬ್ರ, ಅಂವಾ ಅಷ್ಟ ಚಲೋ ಇದ್ರ ನಾವು ಅವಂಗ ಹಾಕ್ತೇವಲ್ರಿ, ನೀವ್ಯಾಕ ಸುಮ್ನ ತ್ರಾಸ ತಗೋತೀರಿ?" ಸಭೆ ಅಲ್ಲಿಗೆ ಮುಗಿಯಿತು.

ಹುಕ್ಕೇರಿಯಲ್ಲಿ ಬಾಜೂ ಹೊಲದ ಇಬ್ಬರು ಒಂದು ಬದುವಿಗಾಗಿ ಜಗಳವಾಡುತ್ತಿದ್ದರು. ಕಾಕಾ ಅವರನ್ನು ಮೇಜಿನ ಆಚೀಚೆ ಕೂಡಿಸಿ, ನಡುವೆ ನೀರಿನ ತಂಬಿಗೆ ಇಟ್ಟು, ಏಳು ಕಲಮಿನ ಕರಡು ಒಪ್ಪಂದ ಓದತೊಡಗಿದರು. ಮೂರನೆಯ ಕಲಮಿಗೆ ಬರುವಷ್ಟರಲ್ಲಿ ಒಬ್ಬ ಕೈಚೆಲ್ಲಿದ. "ಬದು ನಿಂದ ಇರಲಿ ತಗೋಳೋ ಯಪ್ಪಾ, ಇನ್ನೂ ನಾಕು ಕಲಮು ಕೇಳೂ ಶಕ್ತಿ ನನಗಿಲ್ಲ!" ಇನ್ನೊಬ್ಬ, "ಬ್ಯಾಡೋ, ನಿಂದ ಇರಲಿ, ಮೊದಲ ಎದ್ದ ನಡಿ!" ಎಂದ. ಇಬ್ಬರೂ ಹೆಗಲ ಮೇಲೆ ಕೈಹಾಕಿಕೊಂಡು ಹೊರಬಿದ್ದರು.

"ನೋಡಿದಿ ತಮ್ಮಾ? ಒಪ್ಪಂದ ಆತು!" ಎಂದರು ಕಾಕಾ. ಆ ದಿನ ಅವರಷ್ಟು ಖುಷಿಯಲ್ಲಿದ್ದವರು ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಚುನಾವಣೆ ಬಂತು. ಕಾಕಾನೇ ಅಭ್ಯರ್ಥಿ. ಹೊಸ ಪಕ್ಷದ ಅಭ್ಯರ್ಥಿಯ ಅರ್ಜಿಗೆ ಕ್ಷೇತ್ರದ ಹತ್ತು ಮತದಾರರು ಸಹಿ ಹಾಕಬೇಕು. ದೇಶದೇಶಗಳಿಂದ ಸಹಿ ಹಾಕಿಸಿದವರಿಗೆ ಹತ್ತು ಮಂದಿ ಯಾವ ಲೆಕ್ಕ? ಆದರೆ ನಮ್ಮ ಜನ ಯಾರಿಗೂ ಒಲ್ಲೆ ಎನ್ನುವುದಿಲ್ಲ. "ಸಹೀದೇನ ದೊಡ್ಡ ಮಾತ್ರಿ, ನಾಳಿ ಬರ್ರಿ," ಎನ್ನುತ್ತಾರೆ. ಆ ನಾಳೆ ಯಾರ ಪಂಚಾಂಗದಲ್ಲೂ ಇರುವುದಿಲ್ಲ.

"ಇಂಥಾ ರಾಯಭಾರಿಗಳನ್ನ ನಾ ಎಲ್ಲೂ ನೋಡಿಲ್ಲ ಬಿಡೋ," ಎಂದು ಕಾಕಾ ತಲೆಯ ಮೇಲೆ ಕೈಹೊತ್ತರು. ನಾನು, ನನ್ನ ಹೆಂಡತಿ, ಕಾಕಾನ ಹೆಂಡತಿ ಕಾಕು ಎಲ್ಲ ಸೇರಿ ಹೇಗೋ ಒಂಬತ್ತಾಯಿತು. ಒಂಬತ್ತನೆಯವನು ಕ್ಷೌರದಂಗಡಿಯವನು. ಸಹಿ ಹಾಕುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲವೆಂದು ಕಾಕಾ ಅಲ್ಲೇ ಕುಳಿತುಬಿಟ್ಟಿದ್ದರು.

ಹತ್ತನೆಯದಕ್ಕೆ ಒಂದೇ ಬಾಗಿಲು ಉಳಿದಿತ್ತು. ಅದು ನಮ್ಮದೇ. ಕಾಕಾನ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಆದರೆ ಅಪ್ಪ ತಮ್ಮನ ಜೊತೆ ಮಾತು ಬಿಟ್ಟು ಹನ್ನೊಂದು ವರ್ಷ. ಅಜ್ಜಿ ತೀರಿಕೊಂಡಾಗ ಕಾಕಾ ಯಾವುದೋ ದೇಶದಲ್ಲಿ ಮಾತುಕತೆಗೆ ಕುಳಿತಿದ್ದರು. ಮಣ್ಣಿಗೆ ಬರಲಿಲ್ಲ. ಅಪ್ಪ ಅದನ್ನು ಮರೆಯಲಿಲ್ಲ. ಕಾಕಾ ಊರಿಗೆ ಬಂದ ಮೇಲೂ ಆ ಮಾತನ್ನು ತೆಗೆಯುವ ಧೈರ್ಯ ಮಾಡಲಿಲ್ಲ. "ಅಣ್ಣನ್ನ ಮಾತ್ರ ಕೇಳಬ್ಯಾಡ," ಎಂದು ನನಗೂ ತಾಕೀತು ಮಾಡಿದ್ದರು.

ನಾನು ಸಹಿಯನ್ನೇನೋ ಕೇಳಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಪ್ಪನೆದುರು ಸುಮ್ಮನೆ ಹೇಳಿದೆ: "ನಾಳಿ ಮೂರರೊಳಗ ಅರ್ಜಿ ಕೊಡಬೇಕು. ಒಂದು ಸಹಿ ಕಡಿಮಿ ಐತಿ." ಅಪ್ಪ ರೊಟ್ಟಿ ಮುರಿಯುತ್ತಲೇ ಇದ್ದರು.

ಮರುದಿನ ಹೊರಡುವಾಗ ಕಾಕಾ, "ಇಲ್ಲದಿದ್ರ ಇಲ್ಲ ಬಿಡು, ಒಂಬತ್ತರಾಗ ನಡೀತೈತೇನು ಸಾಹೇಬ್ರನ್ನ ಕೇಳಿಯರೆ ನೋಡೂನು," ಎಂದರು. ಗೋಕಾಕದ ಚುನಾವಣಾ ಕಚೇರಿ ಮುಟ್ಟಿದರೆ ಹೊರಗಿನ ಬೆಂಚಿನ ಮೇಲೆ ಇಸ್ತ್ರಿ ಮಾಡಿದ ಧೋತರ ಉಟ್ಟು ಅಪ್ಪ ಕುಳಿತಿದ್ದಾರೆ! ಬೆಳಗಿನ ಬಸ್ಸಿಗೇ ಬಂದಿದ್ದರಂತೆ.

"ಪೆನ್ ಕೊಡು," ಎಂದು ನನ್ನತ್ತ ಕೈಚಾಚಿದರು. ಸಹಿ ಹಾಕುತ್ತ ನನಗೇ ಹೇಳಿದರು: "ನಿಮ್ಮ ಕಾಕಾ ಆರಿಸಿ ಬರೂದಿಲ್ಲ. ಅದು ಅವಂಗೂ ಗೊತ್ತೈತಿ. ಆದ್ರ ಅವ್ವ ಇದ್ದಿದ್ರ ಹೆಬ್ಬೆಟ್ಟ ಒತ್ತತಿದ್ಲು. ಅಕಿ ಬದಲಿ ನಾ ಹಾಕಾಕತ್ತೇನಿ."

ಕಾಕಾನ ಕಣ್ಣು ತುಂಬಿದವು. ನನ್ನವೂ ತುಂಬಿದವು.

"ಅಣ್ಣಾ, ಅವ್ವನ ಮಣ್ಣಿಗೆ ನಾ ಬರಬೇಕಿತ್ತು. ಬರಲಿಲ್ಲ. ತಪ್ಪಾತು."

ಅಪ್ಪ ಮೊದಲ ಸಲ ಅವರ ಮುಖ ನೋಡಿದರು.

"ಹೊತ್ತು ಮುಳುಗೂತನಕಾ ನಿನ್ನ ದಾರಿ ನೋಡಿದ್ವೆಪಾ," ಎಂದರು. ತಮ್ಮನ ರಟ್ಟೆ ಹಿಡಿದು ಮುಂದಕ್ಕೆ ನಡೆಸಿದರು. "ನಡಿ, ಒಳಗ ಕರ್ಯಾಕತ್ತಾರ."