ಕೋಳಿ ಬಕೆಟ್ಟಿನ ಪಥ್ಯ

ಮೂವತ್ತೈದು ವರ್ಷ ಊರಿನವರ ಸೊಂಟ ಅಳೆದ ಟೇಲರಣ್ಣನಿಗೆ ಕೊನೆಗೂ ಅವನ ಸೊಂಟ ಅಳೆಯುವವರೊಬ್ಬರು ಗಂಟುಬಿದ್ದರು. ಅದು ಕಟ್ಟಿಕೊಂಡ ಹೆಂಡತಿಯೇ ಆದದ್ದು ಅವನ ಗ್ರಹಚಾರ. ಅಂಗಡಿ ಮುಚ್ಚಿ, ಊರಾಚೆ ಮುಕ್ಕಾಲು ಎಕರೆ ಕೊಂಡು, ಎರಡು ಆಡು, ಹನ್ನೊಂದು ಕೋಳಿ ಸಾಕಿಕೊಂಡು ತಿಂದುಂಡು ಹಾಯಾಗಿರೋಣ ಎಂದು ಅವನು ಲೆಕ್ಕ ಹಾಕಿದ್ದ. ಹಾಯಾಗಿರುವುದಕ್ಕೆ ಹೆಂಡತಿಯ ತಕರಾರೇನೂ ಇರಲಿಲ್ಲ. ತಿನ್ನುವುದರಲ್ಲೇ ಗುದ್ದಾಟ ಶುರುವಾಯಿತು.

ಡಾಕ್ಟರು ರಕ್ತಪರೀಕ್ಷೆಯ ಚೀಟಿ ನೋಡಿ ಹುಬ್ಬೇರಿಸಿದ ದಿನವೇ ಮನೆಯಲ್ಲಿ ಆರೋಗ್ಯಕ್ರಾಂತಿ ಘೋಷಣೆಯಾಯಿತು. ಬೆಳಿಗ್ಗೆ ಬೇಯಿಸಿದ ಸೊಪ್ಪು, ಮಧ್ಯಾಹ್ನ ಬೇಯಿಸದ ಸೊಪ್ಪು, ಸಂಜೆಗೆ ಬೆಂದಿದೆಯೋ ಇಲ್ಲವೋ ಎಂದು ದೇವರಿಗೂ ಗೊತ್ತಾಗದ ಸೊಪ್ಪು. ಬೆಣ್ಣೆಯಲ್ಲಿ ಹುರಿದ ಮೊಟ್ಟೆ ಎಂದರೆ ಟೇಲರಣ್ಣ ಪ್ರಾಣ ಬಿಡುತ್ತಿದ್ದ. ಅದೂ ಗಡೀಪಾರಾಯಿತು. ಅವನು ಎರಡು ದಿನ ಮುಖ ಊದಿಸಿಕೊಂಡು ಕೂತ ಮೇಲೆ ಒಂದು ಒಪ್ಪಂದಕ್ಕೆ ಬಂದರು. ಡಾಕ್ಟರ ಚೀಟಿಯಲ್ಲಿದ್ದ ತೂಕದಿಂದ ಒಂದು ತಿಂಗಳಲ್ಲಿ ನಾಲ್ಕು ಕಿಲೋ ಇಳಿದರೆ ದಿನಕ್ಕೊಂದು ಮೊಟ್ಟೆ. ಇಳಿಯದಿದ್ದರೆ ವರ್ಷವಿಡೀ ಸೊಪ್ಪು. ಮೊಟ್ಟೆಯೂ ಮನೆಯ ಕೋಳಿಯದ್ದೇ ಆಗಬೇಕು, ಅಂಗಡಿಯದ್ದು ಹೊಸ್ತಿಲು ದಾಟುವಂತಿಲ್ಲ.

ಮೊದಲ ವಾರ ಅಳತೆ ಟೇಪಿನಲ್ಲಾಯಿತು. (ಟೇಲರನ ಕೈಗೇ ಟೇಪು ಕೊಟ್ಟು ಅವನ ಸೊಂಟ ಎಷ್ಟೆಂದು ಕೇಳುವಷ್ಟು ಮುಗ್ಧೆಯಾಗಿದ್ದಳು ಪಾಪ, ಅದೊಂದೇ ವಾರ.) ಏಳೇ ದಿನಕ್ಕೆ ಸೊಂಟ ಮೂರಿಂಚು ಕರಗಿದ್ದು ಕಂಡು ಅವಳು ಟೇಪನ್ನು ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದಳು. ತಿಂಗಳ ಕೊನೆಯ ತೂಕ ಆಡು ತೂಗುವ ತಕ್ಕಡಿಯಲ್ಲೇ ಎಂದು ಅಪ್ಪಣೆಯಾಯಿತು. ಕೊಟ್ಟಿಗೆಯ ತೊಲೆಯ ಮೇಲಿಂದ ಇಳಿಬಿಟ್ಟ ಹಗ್ಗಕ್ಕೆ ಮುಳ್ಳಿನ ತಕ್ಕಡಿ, ಅದರ ಕೊಕ್ಕೆಗೆ ಕ್ಯಾನ್ವಾಸಿನ ಜೋಳಿಗೆ. ಆಡಿನ ಕಾಲು ನೆಲ ಬಿಟ್ಟರೆ ತೂಕ ನಿಜ. ಗಂಡನಿಗೂ ಅದೇ ನ್ಯಾಯ.

ಕೋಳಿಗಳಿಗೆ ಮೇವು ಹಾಕುವ ಕೆಲಸ ಟೇಲರಣ್ಣನದು, ಬೇಯಿಸುವುದು ಹೆಂಡತಿಯದು. ಒಡೆದ ಜೋಳ, ಗೋಧಿ ಹೊಟ್ಟು, ಕಡಲೆಕಾಯಿ ಹಿಂಡಿ, ಮೇಲೊಂದು ಹಿಡಿ ಬೆಲ್ಲ. ನಾಲ್ಕು ದಿನ ಬರೀ ಸೊಪ್ಪು ತಿಂದವನ ಮೂಗಿಗೆ ಆ ಬಕೆಟ್ಟಿನ ಹಬೆ ಬಡಿದಾಗ ಮನುಷ್ಯನಾದವನು ಏನು ಮಾಡಬೇಕು? ಮೊದಲ ದಿನ ಬೆರಳು ಅದ್ದಿ ನೋಡಿದ. ಎರಡನೆಯ ದಿನ ಒಂದು ಹಿಡಿ ಬಾಯಿಗೆ ಹಾಕಿಕೊಂಡ. ಮೂರನೆಯ ದಿನ ಮನೆಯಿಂದ ಚಮಚ ತಂದ. ವಾರ ಕಳೆಯುವುದರೊಳಗೆ ಅರ್ಧ ಬಕೆಟ್ಟು ಅವನದು, ಉಳಿದರ್ಧ ಹನ್ನೊಂದು ಕೋಳಿಗಳದು ಎಂಬಂತಾಗಿತ್ತು. ಮನೆಯಲ್ಲಿ ಬಡಿಸಿದ ಸೊಪ್ಪು ಕಿಟಕಿಯಿಂದ ಆಡುಗಳಿಗೆ ಹೋಗುತ್ತಿತ್ತು.

ಅಲ್ಲಿಗೂ ತೃಪ್ತಿಯಾಗಲಿಲ್ಲ. ಮಧ್ಯಾಹ್ನದ ಹಸಿವಿಗೆಂದು ಹಳೆಯ ಕೋಟಿನ ಒಳಗೆ ರಬ್ಬರ್ ಬಟ್ಟೆಯ ಗುಪ್ತ ಜೇಬೊಂದನ್ನು ತಾನೇ ಹೊಲಿದುಕೊಂಡ. ವೃತ್ತಿಜೀವನದಲ್ಲಿ ಅಷ್ಟು ನಾಜೂಕಾದ ಹೊಲಿಗೆ ಅವನ ಕೈಯಿಂದ ಬಂದಿರಲಿಲ್ಲ. ಕೋಳಿಗಳಲ್ಲಿ ಎಲ್ಲಕ್ಕಿಂತ ಗತ್ತಿನದೊಂದು ಇತ್ತು, ಹೆಂಡತಿ ಅದನ್ನು ಹೆಡ್‌ಮಿಸ್ಟ್ರೆಸ್ ಎನ್ನುತ್ತಿದ್ದಳು. ಆ ಕೋಳಿ ಮಾತ್ರ ಕೋಟಿನ ಹಿಂದೆಯೇ ಅಲೆಯತೊಡಗಿತು.

ಇತ್ತ ಕೋಳಿಗಳು ಬಡಕಲಾದವು. ದಿನಕ್ಕೆ ಎಂಟು ಬರುತ್ತಿದ್ದ ಮೊಟ್ಟೆ ನಾಲ್ಕಾಯಿತು, ಒಂದಾಯಿತು, ಆಮೇಲೆ ನಿಂತೇಹೋಯಿತು. ಹೆಂಡತಿ ಕಂಗಾಲಾಗಿ ಪಶುವೈದ್ಯರಿಗೆ ಹೇಳಿಕಳಿಸಿದಳು. ಅವರು ಬಂದದ್ದು ಸರಿಯಾಗಿ ತೂಕದ ದಿನವೇ.

ಟೇಲರಣ್ಣ ತಕ್ಕಡಿಯ ಸುತ್ತ ಎರಡು ಸುತ್ತು ಹಾಕಿದ. ತಿಂಗಳೆಲ್ಲ ಕದ್ದು ಕದ್ದು ತಿಂದವನು ಇಳಿದಿರುವುದಾದರೂ ಹೇಗೆ? ಕೋಟು ಬಿಚ್ಚಿದರೆ ಎರಡು ಹಿಡಿ ತೂಕವಾದರೂ ತಪ್ಪುತ್ತಿತ್ತು, ಆದರೆ ಬಿಚ್ಚಿದ ಕೋಟು ಹೆಂಡತಿಯ ಕೈಗೆ ಹೋಗುತ್ತದೆ. ಚಳಿ ಎಂದು ನಡುಗಿ ತೋರಿಸಿ ಕೋಟಿನ ಸಮೇತ ಜೋಳಿಗೆ ಹತ್ತಿದ. ಹೆಂಡತಿಯೂ ವೈದ್ಯರೂ ಸೇರಿ ಹಗ್ಗ ಎಳೆದು ಕಂಬಕ್ಕೆ ಕಟ್ಟಿದರು. ನೆಲ ಬಿಟ್ಟು ತೂಗಾಡುತ್ತಿದ್ದ ಗಂಡನ ಕಡೆ ನೋಡದೆ ಅವಳು ಮುಳ್ಳನ್ನು ನೋಡಿದಳು. ಇನ್ನೊಮ್ಮೆ ನೋಡಿದಳು. ನಾಲ್ಕೂವರೆ ಕಿಲೋ ಇಳಿದಿತ್ತು.

ಟೇಲರಣ್ಣನಿಗೆ ಸ್ವರ್ಗ ಮೂರೇ ಗೇಣು. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ರೆಕ್ಕೆ ಬಡಿದು ಹಾರಿ ಜೋಳಿಗೆಯ ಅಂಚಿಗೆ ಕೂತು ಕೋಟಿನೊಳಗೆ ಕೊಕ್ಕು ತೂರಿಸಿತು. ಕೈ ಎರಡೂ ಜೋಳಿಗೆಯಲ್ಲಿ ಸಿಕ್ಕಿಕೊಂಡಿದ್ದ ಟೇಲರಣ್ಣ ಉಶ್ ಉಶ್ ಎನ್ನುವುದರ ಹೊರತು ಏನೂ ಮಾಡುವಂತಿರಲಿಲ್ಲ. ನಾಜೂಕಿನ ಹೊಲಿಗೆ ಪರ್ರೆಂದಿತು. ಜೋಳ, ಹೊಟ್ಟು, ಹಿಂಡಿ ಎಲ್ಲ ದಬದಬ ಕೆಳಗೆ ಸುರಿಯಿತು. ಉಳಿದ ಹತ್ತು ಕೋಳಿಗಳು ಎಲ್ಲಿದ್ದವೋ, ಓಡಿಬಂದು ಮುತ್ತಿಕೊಂಡವು.

ವೈದ್ಯರು ಬಗ್ಗಿ ಒಂದು ಚಿಟಿಕೆ ಎತ್ತಿ ಮೂಸಿದರು. ಕೋಳಿಗಳಿಗೆ ಏನೂ ರೋಗವಿಲ್ಲ, ಹೊಟ್ಟೆಗಿಲ್ಲ ಅಷ್ಟೇ ಎಂದರು.

ಹೆಂಡತಿ ಕೋಟಿನ ಹರಿದ ಜೇಬನ್ನು ಹೊರಗೆಳೆದು ಹೊಲಿಗೆ ನೋಡಿದಳು. ಗಂಡನನ್ನು ಕೆಳಗಿಳಿಸುವ ಅವಸರವನ್ನೇನೂ ತೋರಿಸಲಿಲ್ಲ. ಅವನಿಗೆ ನಾಚಿಕೆಯಾಗಿತ್ತು, ನಿಜ, ಆದರೆ ಮೊಟ್ಟೆಯ ಆಸೆ ನಾಚಿಕೆಗಿಂತ ದೊಡ್ಡದಾಗಿತ್ತು.

"ಏನೇ ತಿಂದಿರ್ಲಿ, ನಾಲ್ಕೂವರೆ ಕಿಲೋ ಇಳಿದಿದೀನಿ. ಮಾತು ಅಂದ್ರೆ ಮಾತು. ಮೊಟ್ಟೆ ಕೊಡು."

"ಕೊಡೋಣ. ಎಲ್ಲಿದೆ?"

ಟೇಲರಣ್ಣ ಕೆಳಗೆ ನೋಡಿದ. ಹನ್ನೊಂದು ಬಡಕಲು ಕೋಳಿಗಳು ತಲೆಯೆತ್ತದೆ ತಿನ್ನುತ್ತಿದ್ದವು. ಇಡಬೇಕಾದ ಮೊಟ್ಟೆಗಳನ್ನೆಲ್ಲ ತಾನು ಮುಂಗಡವಾಗಿ ತಿಂದು ಮುಗಿಸಿದ್ದೇನೆಂದು ಆಗ ಅವನಿಗೆ ಅರ್ಥವಾಯಿತು. ಹೊಟ್ಟೆ ತುಂಬ ಮೇವು ಬಿದ್ದರೂ ಇನ್ನು ಮೂರು ನಾಲ್ಕು ವಾರ ಬೇಕು ಎಂದರು ವೈದ್ಯರು. ಈ ಮೇವು ಮನುಷ್ಯರಿಗೆ ಏನಾದರೂ ತೊಂದರೆಯೇ ಎಂದು ಹೆಂಡತಿ ಕೇಳಿದಳು. ನಾರಿದೆ, ಬಲವಿದೆ, ಜಿಡ್ಡು ಕಮ್ಮಿ, ಗುಣ ತಕ್ಕಡಿಯಲ್ಲೇ ಕಾಣುತ್ತಿದೆಯಲ್ಲ ಎಂದು ಆ ಪುಣ್ಯಾತ್ಮ ಸರ್ಟಿಫಿಕೇಟು ಕೊಟ್ಟೇಬಿಟ್ಟ.

ಮರುದಿನ ಬೆಳಿಗ್ಗೆ ಟೇಲರಣ್ಣನ ಮುಂದೆ ತಟ್ಟೆ ಬಂತು. ಜೋಳ, ಹೊಟ್ಟು, ಹಿಂಡಿ, ಅಳೆದು ಎಂಟು ಚಮಚ. ಬಾಯಿಗಿಟ್ಟರೆ ಮಣ್ಣು ತಿಂದ ಹಾಗಿತ್ತು. ಬೆಲ್ಲ ಎಲ್ಲಿ ಎಂದು ಕೇಳಿದ.

"ಅದು ಕೋಳಿಗೆ. ಅವಕ್ಕೆ ಸಕ್ಕರೆ ಕಾಯಿಲೆ ಇಲ್ಲ."

ಹೋಗಲಿ, ಒಂದು ತಿಂಗಳು ತಾನೇ, ಕೋಳಿಗಳು ಮತ್ತೆ ಇಡತೊಡಗಿದರೆ ಗೆದ್ದ ಮೊಟ್ಟೆಯಂತೂ ತಪ್ಪುವುದಿಲ್ಲ ಎಂದು ಅವನು ಸಮಾಧಾನ ಮಾಡಿಕೊಂಡ. ಬೆಣ್ಣೆಯಲ್ಲಿ ಗರಿಗರಿಯಾಗಿ ಹುರಿದದ್ದೇ ಬೇಕು ಎಂದು ಈಗಲೇ ಹೇಳಿಟ್ಟ.

ಹೆಂಡತಿ ಸೌಟು ಕೆಳಗಿಟ್ಟು ಅವನ ಕಡೆ ತಿರುಗಿದಳು. "ದಿನಕ್ಕೊಂದು ಮೊಟ್ಟೆ ಅಂದಿದ್ದು ಹೌದು. ಬೆಣ್ಣೆ ಅಂತ ಯಾರು ಅಂದಿದ್ರು?"

ಟೇಲರಣ್ಣ ಒಪ್ಪಂದವನ್ನು ಮನಸ್ಸಿನಲ್ಲೇ ಮೊದಲಿಂದ ಕೊನೆಯವರೆಗೆ ತಿರುವಿಹಾಕಿದ. ಬೆಣ್ಣೆಯ ಮಾತು ಎಲ್ಲೂ ಇರಲಿಲ್ಲ. ತಟ್ಟೆಯಲ್ಲಿ ಇನ್ನೂ ಏಳು ಚಮಚ ಉಳಿದಿತ್ತು.