ರಾಹುಕಾಲದಲ್ಲಿ ಜೋಯಿಸರ ಮನೆಯ ಫೋನು

ಮುಳಬಾಗಿಲಿನ ಸೀತಾರಾಮ ಜೋಯಿಸರ ಮನೆಯ ಫೋನಿಗೆ ದಿನಕ್ಕೆ ಒಂದೂವರೆ ಗಂಟೆ ಕಡ್ಡಾಯ ರಜ. ಆ ಹೊತ್ತಿನಲ್ಲಿ ರಿಸೀವರನ್ನು ತೆಗೆದು, ಪಕ್ಕದ ಸ್ಟೂಲಿನ ಮೇಲೆ ಅಂಗಾತ ಮಲಗಿಸಿ, ಮೇಲೊಂದು ಕೈವಸ್ತ್ರ ಹೊದಿಸುವುದು ಆ ಮನೆಯ ಪದ್ಧತಿ. ಕಾರಣ, ರಾಹುಕಾಲ. ಮದುವೆಯ ಮಾತಾಗಲಿ ಮನೆಯ ಪಾಯವಾಗಲಿ, ಯಾವ ಶುಭವಾರ್ತೆಯೂ ಆ ಹೊತ್ತಿನಲ್ಲಿ ತಂತಿಯ ಮೂಲಕ ಕೂಡ ಹೊಸ್ತಿಲು ದಾಟಕೂಡದು. ಸೋಮವಾರ ಏಳೂವರೆಗೆ, ಶನಿವಾರ ಒಂಬತ್ತಕ್ಕೆ, ಶುಕ್ರವಾರ ಹತ್ತೂವರೆಗೆ ಫೋನು ಮಲಗುತ್ತದೆಂದು ಊರಿನವರಿಗೆಲ್ಲ ಬಾಯಿಪಾಠವಾಗಿತ್ತು.

ಸೊಸೆ ಸೌಪರ್ಣಿಕಾಳಿಗೆ ಇದು ತಿಳಿದದ್ದು ಮದುವೆಯಾದ ಮೇಲೆ. (ಮುಖ್ಯವಾದ ವಿಷಯಗಳೆಲ್ಲ ಹೆಣ್ಣುಮಕ್ಕಳಿಗೆ ತಿಳಿಯುವುದು ಆಮೇಲೆಯೇ.) ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದ ಅವಳು ಮೊದಲು ನಕ್ಕಳು, ಆಮೇಲೆ ಸುಮ್ಮನಾದಳು. ಆದರೆ ಎರಡು ಸಾವಿರದ ಎರಡನೆಯ ಇಸವಿಯ ಆ ಬೇಸಿಗೆಯಲ್ಲಿ ಸುಮ್ಮನಿರಲು ಆಗಲಿಲ್ಲ. ಮಗಳು ಸಂಹಿತಾಳಿಗೆ ಸ್ಕೂಲು ಸಿಕ್ಕಿರಲಿಲ್ಲ.

ಸಿಕ್ಕಿರಲಿಲ್ಲ ಎಂದರೆ ಊರಿನಲ್ಲಿ ಸ್ಕೂಲಿರಲಿಲ್ಲವೆಂದಲ್ಲ. ಸೌಪರ್ಣಿಕಾಳ ಕಣ್ಣಿಗೆ ಹಿಡಿಸಿದ ಸ್ಕೂಲು ಒಂದೇ ಇತ್ತು: ಕೋಲಾರದ ಹೆದ್ದಾರಿಯ ಪಕ್ಕ ಹೊಸದಾಗಿ ಎದ್ದು ನಿಂತ ಜ್ಞಾನಗಗನ ಇಂಟರ್‌ನ್ಯಾಷನಲ್. ಅಲ್ಲಿ ಯು.ಕೆ.ಜಿ. ಮಕ್ಕಳಿಗೇ ಕಂಪ್ಯೂಟರು. ಬೆಂಗಳೂರಿನಲ್ಲಿ ಅವಳ ಅಕ್ಕನ ಮಗ ಆಗಲೇ ಕಂಪ್ಯೂಟರಿನಲ್ಲಿ ಸೂರ್ಯನ ಚಿತ್ರ ಬರೆದಿದ್ದ. ಸಂಹಿತಾ ಇನ್ನೂ ರಂಗೋಲಿ ಪುಡಿಯಲ್ಲಿ ಬರೆಯುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ತಾಯಿಯ ಎದೆಯಲ್ಲಿ ಮಗಳ ಇಪ್ಪತ್ತು ವರ್ಷದ ಭವಿಷ್ಯ ಗಾಳಿಗೆ ಹಾರಿಹೋಗುತ್ತಿತ್ತು.

"ನಾನು ಬಿ.ಕಾಂ. ಮುಗಿಸೋಕೆ ನಮ್ಮಪ್ಪ ಖರ್ಚು ಮಾಡಿದ್ದು, ಇವರ ಯೂನಿಫಾರಂನ ಟೈಗೂ ಸಾಲಲ್ಲ ಕಣೇ," ಎಂದ ಗಂಡ ಮುಕುಂದ್. ಅವನು ಕೋಲಾರದ ಆಡಿಟರೊಬ್ಬರ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದ.

"ಅದಕ್ಕೇ ನೀವು ಇನ್ನೂ ಬೇರೆಯವರ ಲೆಕ್ಕ ಬರೀತಿರೋದು."

ಮುಕುಂದ್ ಫೀಸಿಗೆ ಒಪ್ಪಿಕೊಂಡ. ಅಷ್ಟೇ ಅಲ್ಲ, ಸಾಲ ಮಾಡಿ ಮನೆಗೊಂದು ಕಂಪ್ಯೂಟರನ್ನೂ ತಂದ. ದೇವರ ಮನೆಯ ಪಕ್ಕದ ಕೋಣೆಯಲ್ಲಿ ಅದರ ಪ್ರತಿಷ್ಠಾಪನೆಯಾಯಿತು. ಹಜಾರದ ಫೋನಿನಿಂದ ಅಲ್ಲಿಗೊಂದು ತಂತಿ ಎಳೆದ ರಿಪೇರಿಯವನು ಹೊರಡುವಾಗ, "ಇಲ್ಲಿ ಇಂಟರ್‌ನೆಟ್ ಓಡ್ತಿರುವಾಗ ಅಲ್ಲಿ ಯಾರೂ ರಿಸೀವರ್ ಎತ್ತಬಾರದು ಮೇಡಂ, ಕಟ್ಟಾಗೋಗತ್ತೆ," ಎಂದು ಎಚ್ಚರಿಸಿದ. ಸೌಪರ್ಣಿಕಾ ಅದನ್ನು ವೇದವಾಕ್ಯದಂತೆ ನೆನಪಿಟ್ಟುಕೊಂಡಳು.

ಸ್ಕೂಲಿನಲ್ಲಿ ಕೊನೆಗೆ ಉಳಿದದ್ದು ಒಂದೇ ಸೀಟು, ಹೆಸರು ಎರಡು. ಮೊದಲನೆಯದು ಸಂಹಿತಾ. ಎರಡನೆಯದು ತಾಯಲೂರಿನ ಚನ್ನರಾಯಪ್ಪನ ಮೊಮ್ಮಗ ಚೈತನ್ಯ. "ಶುಕ್ರವಾರ ಹನ್ನೆರಡರೊಳಗೆ ಫೋನ್ ಮಾಡ್ತೀವಿ. ಮೊದಲನೆಯವರು ಸಿಗದಿದ್ರೆ ಎರಡನೆಯವರಿಗೆ," ಎಂದು ಸ್ಕೂಲಿನ ಹುಡುಗಿ ಹೇಳಿದಾಗ ಚನ್ನರಾಯಪ್ಪನೂ ಅಲ್ಲೇ ನಿಂತಿದ್ದ. ಹಿಪ್ಪುನೇರಳೆ ಬೆಳೆಯುವ ರೈತ, ಜೋಯಿಸರ ಹಳೆಯ ಗಿರಾಕಿ. ಅವನು ಕೊಟ್ಟಿದ್ದು ತಾಯಲೂರಿನ ಮೆಡಿಕಲ್ ಸ್ಟೋರಿನ ಪಿ.ಪಿ. ನಂಬರು.

"ಅವರು ನಿಮ್ಮನ್ನ ಕರೆದುಕೊಂಡು ಬರೋಷ್ಟರಲ್ಲಿ ಫೋನ್ ಕಟ್ಟಾಗಲ್ವೇ?" ಎಂದು ಸೌಪರ್ಣಿಕಾ ಮರುಕದಿಂದ ಕೇಳಿದ್ದಳು.

"ಓಡಿ ಬತ್ತೀನಿ ಅಮ್ಮಣ್ಣಿ," ಎಂದಿದ್ದ ಚನ್ನರಾಯಪ್ಪ.

ಪಾಪ ಎನಿಸಿತ್ತು ಅವಳಿಗೆ. ಸ್ವಂತ ಫೋನೂ ಇಲ್ಲದವರು.

ಮನೆಗೆ ಬಂದು ಕ್ಯಾಲೆಂಡರು ನೋಡಿದಳು. ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು. ರಾಹುಕಾಲ.

"ಮಾವ, ಈ ಶುಕ್ರವಾರ ಒಂದು ದಿನ ಫೋನ್ ತೆಗೆದಿಡಬೇಡಿ."

ಜೋಯಿಸರು ಪಂಚಾಂಗದಿಂದ ತಲೆಯೆತ್ತಿದರು. "ಮೂವತ್ತು ವರ್ಷದಲ್ಲಿ ಒಂದು ದಿನಾನೂ ತಪ್ಪಿಸಿಲ್ಲ ಕಣಮ್ಮ."

"ಮನೆಗೆ ಫೋನ್ ಬಂದು ಹತ್ತು ವರ್ಷ ಆಯ್ತು ಅಷ್ಟೇ," ಎಂದರು ಅಡುಗೆಮನೆಯಿಂದ ಅತ್ತೆ ಅನಂತಲಕ್ಷ್ಮಿ. ಕೂಡಲೇ ಪಕ್ಷವನ್ನೂ ಬದಲಾಯಿಸಿದರು. "ಆದ್ರೂ ರಾಹುಕಾಲದಲ್ಲಿ ಬಂದ ಸೀಟು ಕಟ್ಕೊಂಡು ಏನು ಮಾಡ್ತೀಯೇ? ಮಗು ಓದತ್ತಾ?"

"ಮಧ್ಯಾಹ್ನ ಬಂದ್ರೆ ಓದತ್ತೇನತ್ತೆ? ಸೀಟೇ ಇಲ್ಲದೆ ಹೋದ್ರೆ ಏನು ಓದತ್ತೆ? ನನ್ನ ಮಗಳು ಜೀವನಪೂರ್ತಿ ಹಪ್ಪಳ ಒತ್ತುತ್ತಾ ಕೂತಿರಬೇಕಾ?"

ಅನಂತಲಕ್ಷ್ಮಿ ಆಗ ಒತ್ತುತ್ತಿದ್ದದ್ದು ಹಪ್ಪಳವೇ. ಲಟ್ಟಣಿಗೆ ನಿಂತಿತು. ಮನೆಯಲ್ಲಿ ಎರಡು ದಿನ ಮಾತಿರಲಿಲ್ಲ. ಸಾರಿಗೆ ಉಪ್ಪೂ ಇರಲಿಲ್ಲ.

ಗುರುವಾರ ಸಂಜೆ ಜೋಯಿಸರು ತಾವಾಗಿಯೇ ಬಂದರು. "ನೋಡಮ್ಮ, ನಾಳೆ ರಿಸೀವರ್ ತೆಗೆಯಲ್ಲ. ನಾನೇ ಪಕ್ಕದಲ್ಲಿ ಕೂತು ರಾಹುವಿಗೊಂದು ಜಪ ಮಾಡ್ತಿರ್ತೀನಿ. ಬರೋ ದೋಷ ನನಗೆ ಬರಲಿ. ಮಗುವಿಗೆ ಬೇಡ."

ಆ ಮಾತಿಗೆ ಸೌಪರ್ಣಿಕಾಳ ಕಣ್ಣು ತುಂಬಿತು. ಆದರೆ ಭಯ ಕಡಿಮೆಯಾಗಲಿಲ್ಲ. (ಅವಳ ಭಯಕ್ಕೂ ಕಣ್ಣೀರಿಗೂ ಯಾವ ಸಂಬಂಧವೂ ಇರಲಿಲ್ಲ. ಎರಡೂ ಬೇರೆ ಬೇರೆ ಇಲಾಖೆಗಳು.)

ಶುಕ್ರವಾರ ಹತ್ತೂವರೆ. ಜೋಯಿಸರು ಮಣೆ ಹಾಕಿಕೊಂಡು ಫೋನಿನ ಮುಂದೆ ಪದ್ಮಾಸನದಲ್ಲಿ ಕೂತರು. "ರಿಂಗ್ ಆಗೋವರೆಗೂ ಮುಟ್ಟಬೇಡಿ ಮಾವ, ಖಂಡಿತ ಮುಟ್ಟಬೇಡಿ," ಎಂದು ಹೇಳಿ ಸೌಪರ್ಣಿಕಾ ಒಳಗಿನ ಕೋಣೆಗೆ ಹೋದಳು. ಸುಮ್ಮನೆ ಕಾಯುವುದು ಅವಳಿಂದ ಆಗದ ಕೆಲಸ. ಸ್ಕೂಲಿನ ವೆಬ್‌ಸೈಟಿನಲ್ಲಿ 'ಪೋಷಕರ ಅಭಿಪ್ರಾಯ' ಎಂಬ ಪುಟವಿತ್ತು. ಮನೆಯಲ್ಲಿ ತಂತ್ರಜ್ಞಾನ ಬೇಕೇ, ಇಂಟರ್‌ನೆಟ್ಟಿನ ವಿಷಯದಲ್ಲಿ ಸರಕಾರ ಏನು ಮಾಡಬೇಕು, ಶಾಲೆಯ ಶುಲ್ಕ ಸೂಕ್ತವೇ ಎಂದೆಲ್ಲ ಕೇಳಿದ್ದರು. ಪ್ರಿನ್ಸಿಪಾಲರು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕಣ್ಣಿನಲ್ಲಿ ತನ್ನ ಅಭಿಪ್ರಾಯ ಓದುವ ದೃಶ್ಯ ಅವಳ ಮುಂದೆ ಬಂತು. ಮೌಸು ಒತ್ತಿದಳು. ಕಂಪ್ಯೂಟರು ಕೀ ಎಂದಿತು, ಕುರ್ರ್ ಎಂದಿತು, ಗಂಟಲು ಸರಿಮಾಡಿಕೊಂಡು ಸಂಪರ್ಕ ಹಿಡಿಯಿತು.

ಇಂಗ್ಲಿಷಿನಲ್ಲಿ ಅವಳು ಬರೆದದ್ದರ ತಾತ್ಪರ್ಯ ಇಷ್ಟು: 'ಅಂತರಜಾಲವು ಮನೆಗೂ ಶಾಲೆಗೂ ನಡುವಿನ ಸೇತುವೆ. ಸರಕಾರವು ಇದನ್ನು ಸಣ್ಣ ಊರುಗಳಿಗೂ ಅಗ್ಗವಾಗಿ, ಹಗಲಿರುಳು ಒದಗಿಸಬೇಕು. ಆಗ ತಾಯಿಯೊಬ್ಬಳು ಯಾವ ಕ್ಷಣದಲ್ಲಿಯೂ ಶಾಲೆಯ ಸಂಪರ್ಕ ಕಳೆದುಕೊಳ್ಳುವುದಿಲ್ಲ. ಶುಲ್ಕ ಹೆಚ್ಚೆಂದು ನನಗೆ ಅನಿಸಿಲ್ಲ.' (ಕೊನೆಯ ವಾಕ್ಯವನ್ನು ಎರಡು ಸಲ ಅಳಿಸಿ ಬರೆದಳು.)

ಆದರೆ ಆ ಸೇತುವೆ ಮೇಲೆ ಅಭಿಪ್ರಾಯ ಹೆಜ್ಜೆಯಿಡಲೊಲ್ಲದು. ಕಳಿಸಿದರೆ ಹೋಗದು, ಕಟ್ಟಾಗುವುದು, ಮತ್ತೆ ಕೀ, ಮತ್ತೆ ಕುರ್ರ್. ಸಂಹಿತಾ ಬಾಗಿಲಲ್ಲಿ ನಿಂತು ಬೆರಳು ಚೀಪುತ್ತಾ ನೋಡುತ್ತಿದ್ದಳು. ಹನ್ನೆರಡು ಹೊಡೆಯಿತು. ಅಭಿಪ್ರಾಯವೂ ಹೋಗಲಿಲ್ಲ, ಫೋನೂ ಬರಲಿಲ್ಲ. ಸೋತ ಸೌಪರ್ಣಿಕಾ ಕಂಪ್ಯೂಟರು ಹಾಗೇ ಬಿಟ್ಟು ಹಜಾರಕ್ಕೆ ಬಂದಳು.

"ಬಂತಾ ಮಾವ?"

"ಉಹುಂ. ಕೂತಲ್ಲಿಂದ ಎದ್ದಿಲ್ಲ, ಮುಟ್ಟಿಲ್ಲ," ಎಂದು ಜೋಯಿಸರು ಮರಗಟ್ಟಿದ ಕಾಲು ಬಿಡಿಸಿಕೊಂಡರು.

ಅವಳು ಸ್ಕೂಲಿಗೆ ಫೋನು ಮಾಡುತ್ತಲೇ ಇದ್ದಳು. ಅತ್ತ ಯಾರೂ ಎತ್ತಲಿಲ್ಲ. ಎರಡು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಚನ್ನರಾಯಪ್ಪ ನಿಂತಿದ್ದ. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖದ ತುಂಬ ನಗು. ಸಂಹಿತಾಳನ್ನು ಕಂಡು, "ಏಂ ಪಾಪಾ, ಬಾಗುನ್ನಾವಾ?" ಎಂದು ತೆಲುಗಿನಲ್ಲಿ ಕುಶಲ ಕೇಳಿ, ಜೋಯಿಸರಿಗೆ ಕೈಮುಗಿದ.

"ಸ್ವಾಮಿ, ನಮ್ಮ ಚೈತನ್ಯಂಗೆ ಸೀಟಾಯ್ತು! ಸ್ಕೂಲಿಗೆ ಕಳ್ಸೋಕೆ ಒಂದು ಒಳ್ಳೇ ದಿನ ನೋಡ್ಕೊಡಿ. ಮೊದ್ಲು ಫೋನೇ ಮಾಡ್ದೆ. ಎಂಗೇಜು, ಎಂಗೇಜು. ರಾಹುಕಾಲ ಅಲ್ವಾ ಅಂತ ಬಸ್ ಹತ್ತಿ ಬಂದ್ಬಿಟ್ಟೆ."

ಸೌಪರ್ಣಿಕಾ ಹೊಸ್ತಿಲವರೆಗೆ ಬಂದಳು. "ಎಂಗೇಜಾ?"

"ಹೂಂ ಅಮ್ಮಣ್ಣಿ. ಸ್ಕೂಲೋರ್ಗೂ ಅಂಗೇ ಆಯ್ತಂತೆ. ಅಲ್ಲಿ ಮುಳಬಾಗಿಲಿನೋರು ಒಬ್ರವ್ರಂತಲ್ಲ, ಅವ್ರೇ ಅಂದ್ರಂತೆ, ಜೋಯಿಸ್ರು ಈ ಹೊತ್ನಲ್ಲಿ ಫೋನು ತೆಗೆದು ಮಲಗಿಸ್ಬಿಡ್ತಾರೆ, ಕಾಯೋದ್ರಲ್ಲಿ ಅರ್ಥ ಇಲ್ಲ, ಮುಂದಿನೋರ್ಗೆ ಮಾಡಿ ಅಂತ."

ಜೋಯಿಸರು ಫೋನನ್ನೇ ನೋಡಿದರು. ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ನಾನು ತೆಗೆದಿಡಲಿಲ್ಲ ಕಣಮ್ಮ," ಎಂದರು ಮೆಲ್ಲಗೆ. "ಕಣ್ಣುಮುಚ್ಚಿ ಜಪ ಮಾಡ್ತಿದ್ದೆ... ಅಭ್ಯಾಸಬಲದಿಂದ ಕೈ ತಾನಾಗೇ ತೆಗೆದು ಮತ್ತೆ ಇಟ್ಟುಬಿಟ್ಟಿತೋ ಏನೋ. ವಯಸ್ಸಾಯ್ತು. ನನ್ನಿಂದ ಮಗುವಿಗೆ ಹೀಗಾಯ್ತು."

ಮಾವನ ದನಿ ಅಷ್ಟು ಸಣ್ಣಗಾದದ್ದನ್ನು ಸೌಪರ್ಣಿಕಾ ಎಂದೂ ಕೇಳಿರಲಿಲ್ಲ. ರಿಪೇರಿಯವನ ಮಾತಿನ ಉಳಿದರ್ಧ ಆಗ ಅವಳಿಗೆ ಹೊಳೆಯಿತು: ಇಂಟರ್‌ನೆಟ್ ಓಡುವಾಗ ಹೊರಗಿನವರಿಗೆ ಫೋನು ಎಂಗೇಜು. ಬೆಂಗಳೂರಿನಲ್ಲಿ ಅವಳು ಇಂಟರ್‌ನೆಟ್ ನೋಡಿದ್ದು ಸೈಬರ್ ಸೆಂಟರಿನಲ್ಲಿ. ಅಲ್ಲಿಯವರ ಫೋನಿಗೆ ಏನಾಗುತ್ತಿತ್ತೆಂದು ಇವಳೇಕೆ ಕೇಳಿಯಾಳು? ಹೇಳಬೇಕೆಂದು ಬಾಯಿ ತೆರೆದಳು. 'ಇರಲಿ, ಈಗ ಹೇಳಿದರೂ ಸೀಟೇನು ವಾಪಸ್ಸು ಬರುತ್ತದೆಯೇ' ಎಂದು ಒಳಗಿನಿಂದ ಯಾರೋ ಪಿಸುಗುಟ್ಟಿದರು. ಬಾಯಿ ಮುಚ್ಚಿದಳು.

"ತಾತ, ನೀನಲ್ಲ," ಎಂದಳು ಸಂಹಿತಾ, ಬೆರಳನ್ನು ಬಾಯಿಂದ ತೆಗೆದು. "ಅಮ್ಮ ಫೋನಲ್ಲಿ ಕಂಪ್ಯೂಟರ್ ಜೊತೆ ಮಾತಾಡ್ತಿದ್ಲು. ಅದು ಕೀ... ಕುರ್ರ್ರ್... ಅಂತ ಬೈತಿತ್ತು. ಅಮ್ಮ ಬಿಡ್ಲೇ ಇಲ್ಲ."

ಅತ್ತೆ ಸೊಸೆಯ ಮುಖ ನೋಡಿದರು. ಅಲ್ಲಿ ಎಲ್ಲವೂ ದಪ್ಪಕ್ಷರದಲ್ಲಿತ್ತು.

"ಅಲ್ಲಾ ಕಣೇ, ಇವರು ಫೋನ್ ತೆಗೆದಿಟ್ರೆ ಮೂಢನಂಬಿಕೆ. ನೀನು ಒಂದೂವರೆ ಗಂಟೆ ಅದನ್ನೇ ತಡೆದು ಹಿಡಿದ್ರೆ ಏನಂತಾರೆ?"

"ಅಭಿಪ್ರಾಯ," ಎಂದಳು ಸೌಪರ್ಣಿಕಾ. ಆಮೇಲೆ, "ತಪ್ಪಾಯ್ತು ಮಾವ," ಎಂದು ಅತ್ತೇಬಿಟ್ಟಳು.

ಚನ್ನರಾಯಪ್ಪನಿಗೆ ಬಾಳೆಹಣ್ಣಿನ ಚಿಪ್ಪನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ಫೋನಿನ ಸ್ಟೂಲಿನ ಮೇಲೆ ಇಟ್ಟ. "ಗೊತ್ತಿರ್ಲಿಲ್ಲ ಅಮ್ಮಣ್ಣಿ... ಅಭಿಪ್ರಾಯ ಅಂದ್ಕೂಡ್ಲೆ ಗ್ಯಾಪ್ಕ ಬಂತು. ಕೇಳೋಕೆ ಬಾಯೇ ಬರ್ತಿಲ್ಲ. ಸೇರಿಸ್ಕೊಳ್ಳೋಕೆ ಮುಂಚೆ ಮನೆಯೋರು ಕಂಪ್ಯೂಟ್ರಲ್ಲಿ ಅದೇನೋ ಅಭಿಪ್ರಾಯ ಬರೀಬೇಕಂತೆ, ಇವತ್ತೇ. ನಮ್ಮೂರಲ್ಲಿ ಎಲ್ಲೈತೆ ಕಂಪ್ಯೂಟ್ರು? ನೀವು ಓದಿದೋರು..."

ಸೌಪರ್ಣಿಕಾ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅಭಿಪ್ರಾಯ ಪರದೆಯ ಮೇಲೆ ಹಾಗೇ ಕಾದಿತ್ತು. ಸಂಹಿತಾಳ ತಾಯಿ ಎಂದಿದ್ದುದನ್ನು ಅಳಿಸಿ, ಚೈತನ್ಯನ ತಾತ ಎಂದು ಬರೆದಳು. ಚನ್ನರಾಯಪ್ಪ ಬಾಗಿಲಾಚೆಯೇ ನಿಂತ. ಅವಳು ಕನ್ನಡದಲ್ಲಿ ಓದಿ ಹೇಳಿದಳು.

"ಎಲ್ಲ ಪಸಂದಾಗೈತೆ," ಎಂದ. "ಆ ಕೊನೇದೊಂದು ಬದಲಾಯ್ಸಿ. ಫೀಜು ಭಾಳ ಜಾಸ್ತಿ ಆಯ್ತು ಅಂತ ಬರೀರಿ. ಸೀಟು ಸಿಕ್ಕಾಯ್ತಲ್ಲ, ಇನ್ನೇನು ಭಯ?"

ಅವಳು ಬದಲಾಯಿಸಿದಳು. ಆ ದಿನ ಅವಳು ಬರೆದದ್ದರಲ್ಲಿ ಮನಸ್ಸಾರೆ ಬರೆದ ವಾಕ್ಯ ಅದೊಂದೇ. ಮೌಸು ಒತ್ತಿದಳು. ಕೀ, ಕುರ್ರ್. ಬೆಳಗ್ಗೆಯೆಲ್ಲ ಹಟ ಹಿಡಿದಿದ್ದ ಅಭಿಪ್ರಾಯ ಒಂದೇ ಸಲಕ್ಕೆ ಸರ್ರನೆ ಹೊರಟುಹೋಯಿತು. ಪರದೆಯ ಮೇಲೆ ಹೂವಿನ ಚಿತ್ರದ ಜೊತೆ 'ಜ್ಞಾನಗಗನ ಕುಟುಂಬಕ್ಕೆ ಸುಸ್ವಾಗತ' ಎಂದು ಇಂಗ್ಲಿಷಿನಲ್ಲಿ ಮೂಡಿತು.

"ಹೋಯ್ತೇನಮ್ಮ?" ಎಂದು ಹಜಾರದಿಂದ ಮಾವ ಕೇಳಿದರು. ಚೈತನ್ಯನ ದಿನ ನೋಡಲು ಅವರು ಪಂಚಾಂಗ ಬಿಡಿಸಿ ಕೂತಿದ್ದರು.

"ಹೋಯ್ತು ಮಾವ."

"ಹೋಗದೆ ಏನು," ಎಂದರು ಜೋಯಿಸರು, ಕನ್ನಡಕ ಸರಿಮಾಡಿಕೊಳ್ಳುತ್ತಾ. "ಈಗ ಅಮೃತಕಾಲ."