ಗೆಜ್ಜಿ ಕಟ್ಟಿದ ಕರೆಂಟ್ ಬಸ್ಸು

ನಾ ಸಾಲಿ ಕಲ್ತಾಂವ ಅಲ್ಲ. ಆದ್ರ ನನ್ನಷ್ಟು ಸಲ ಸಾಲಿಗೆ ಹೋದಾಂವ ಈ ಬೈಲಹೊಂಗಲದಾಗ ಇನ್ನೊಬ್ಬ ಇದ್ರ ತೋರಸ್ರಿ. ಮೂವತ್ತು ವರ್ಷ, ದಿನಾ ಎರಡು ಸಲ, ಬೆನ್ನ ಹಿಂದ ನಲವತ್ತು ಹುಡುಗರನ್ನ ಕುಂದರಿಸಿಕೊಂಡು. ಸಾಲಿ ಬಸ್ ನಡಸಾಂವ ತಮಾಷಿ ಹುಡುಕಿಕೊಂಡು ಹೋಗೂದು ಬ್ಯಾಡ, ಅವು ತಾವ ಸ್ಟಾಪಿನ್ಯಾಗ ನಿಂತು ಕೈ ಮಾಡತಾವು. ಅದರಾಗ ನಮ್ಮ ಸಾಲ್ಯಾಗ ಡೀಸೆಲ್ ಬಸ್ ಹೋಗಿ ಕರೆಂಟಿನ ಬಸ್ ಬಂದ ಆ ಒಂದು ತಿಂಗಳು, ಕೈ ಮಾಡದ ದಿನಾನ ಇಲ್ಲ.

ನಾ ಹೇಳಾಕತ್ತೇನಿ, ಮೊಮ್ಮಗಳು ಬರಕೊಳ್ಳಾಕತ್ತಾಳ. ಅಕಿ ಅರ್ಧ ಕಡಿಮಿ ಮಾಡಿ ಬರೀತಾಳ. ನೀವು ಓದುವಾಗ ಡಬಲ್ ಮಾಡ್ಕೋರಿ.

ಚಾವಿ

ಹೊಸಾ ಬಸ್ಸಿಗೆ ಮಾಲಿ ಹಾಕಿಸಿದ ಮ್ಯಾಲೆ ಸಾಲಿ ಚೇರಮನ್ನರು ನನ್ನ ಕಡೆ ತಿರುಗಿದ್ರು.

"ಇದು ಒಂದು ತಿಂಗಳು ಪರೀಕ್ಷಾಕ್ಕ ಬಂದೈತಿ. ಒಂದ ದಿನ ಪ್ರಾರ್ಥನಿ ಗಂಟಿ ಆದ ಮ್ಯಾಲೆ ಗೇಟಿಗೆ ಬಂತಂದ್ರ ಇದನ್ನ ಕಂಪನಿಗೆ ಕಳಸತೇನಿ, ನಿನ್ನ ಮನಿಗೆ ಕಳಸತೇನಿ. ಮುದುಕಗ ಈ ಗಾಡಿ ಒಗ್ಗಂಗಿಲ್ಲ ಅಂತ ಎಲ್ಲಾರೂ ಹೇಳಾಕತ್ತಾರ."

"ಪರೀಕ್ಷಾದಾಗ ನಾ ಒಮ್ಮೇನೂ ಫೇಲ್ ಆಗಿಲ್ರಿ" ಅಂದ್ನಿ. ಕುಂತಿದ್ರ ಅಲ್ಲ ಫೇಲ್ ಆಗೂದು.

ಕಲಸಾಕ ಬಂದಿದ್ದ ಕಂಪನಿ ಸಾಹೇಬ ಚಾವಿ ತಿರುವ್ರಿ ಅಂದ. ತಿರುವಿದ್ನಿ. ಸುಮ್ಮನ ಕುಂತೈತಿ. ಮತ್ತ ತಿರುವಿದ್ನಿ.

"ಚಾಲೂ ಆಗೇತ್ರಿ ಅಜ್ಜಾರ."

"ಸಪ್ಪಳ ಇಲ್ಲಲ್ರಿ."

"ಇದಕ್ಕ ಸಪ್ಪಳ ಇರಂಗಿಲ್ಲ. ತಾಕತ್ತು ಮಾತ್ರ ಭಾಳ ಐತಿ. ಕಾಲು ಹಗರಕ ಇಡ್ರಿ."

"ತಿಳೀತು ಬಿಡ್ರಿ. ನಮ್ಮ ಮನ್ಯಾಗೂ ಹಂಗ. ಹೇಣ್ತಿ ಒದರೂ ತನಕ ನನಗ ಅಂಜಿಕಿಲ್ಲ. ಸುಮ್ಮನಾದ್ಲಂದ್ರ ಕಾಲು ಹಗರಕ ಇಡತೇನಿ."

ಗೆಜ್ಜಿ

ನನ್ನ ಹಳೇ ಡೀಸೆಲ್ ಬಸ್ ಬೈಲಹೊಂಗಲದಾಗ ಕೆಮ್ಮಿದ್ರ, ಈ ಕಡೆ ಕಿತ್ತೂರಾಗ ಆ ಕಡೆ ರಾಮದುರ್ಗದಾಗ ಎಮ್ಮಿ ಕಿವಿ ನಿಮರಸತಿದ್ವು. ಹಳ್ಳಿ ಅವ್ವಂದಿರಿಗೆ ಅದ ಗಡಿಯಾರ. ಸಪ್ಪಳ ದೂರ ಇದ್ರ ಹುಡುಗ್ಯಾರಿಗೆ ಜಡಿ ಹಾಕೋರು, ಹಂತೇಕ ಬಂದ್ರ ಡಬ್ಬಿ ಕಟ್ಟೋರು, ಮನಿ ಮುಂದ ಬಂದ್ರ ಹೊರಗ ದಬ್ಬೋರು.

ಕರೆಂಟ್ ಬಸ್ ತಗೊಂಡು ಹೋದ ಮೊದಲ ದಿನ ಒಂದೂ ಹುಡುಗ ಹೊರಗ ಬರ್ಲಿಲ್ಲ. ಹಾರ್ನ್ ಹೊಡದ್ನಿ. ಅದರ ಹಾರ್ನ್ ಪೀಂ ಅಂತೈತಿ. ಒಬ್ಬಾಕಿ ಬುಟ್ಟಿ ಹಿಡಕೊಂಡು ಹೊರಗ ಬಂದು, "ಬದನಿಕಾಯಿ ಹೆಂಗ ಕೊಟ್ಟಿ?" ಅಂದ್ಲು.

"ಬದನಿಕಾಯಿ ಇಲ್ಲಬೇ. ನಿನ್ನ ಮಗಳನ್ನ ಕೊಡು, ಸಾಲಿಗೆ ಒಯ್ಯತೇನಿ."

ಮನಿ ಮನಿಗೆ ಹೋಗಿ ಕರಕೊಂಡು ಬರೂದರಾಗ, ಸಾಲ್ಯಾಗ ಗಂಟಿ ಹೊಡಿಯಾಂವ ಕೈ ಎತ್ತಿದ್ದ. ಎತ್ತಿದ ಕೈ ಇಳಿಯೂದರಾಗ ನಾ ಗೇಟ್ ಒಳಗ.

ಅವತ್ತ ಸಂಜಿಕ ಮನಿ ಅಟ್ಟದ ಮ್ಯಾಲಿಂದ ನಮ್ಮ ಎತ್ತಿನ ಕೊಳ್ಳಾಗಿನ ಗೆಜ್ಜಿ ಸರ ಇಳಿಸಿ, ತೊಳದು, ಬಸ್ಸಿನ ಮಾರಿಗೆ ಕಟ್ಟಿದ್ನಿ. ಮರುದಿನ ಘಲ್ ಘಲ್ ಅಂತ ಹೊಂಟ್ರ ಹುಡುಗರಷ್ಟ ಅಲ್ಲ, ಹೊಲಕ್ಕ ಹೊಂಟ ಎತ್ತೂ ನಿಂತು ನೋಡಿದ್ವು.

ಕಂಪನಿ ಸಾಹೇಬ ಬಂದು, "ಇದೇನ್ರಿ ಅಜ್ಜಾರ, ಇದು ನಮ್ಮ ಪಾರ್ಟ್ ಅಲ್ಲ" ಅಂದ.

"ಡೀಸೆಲ್ ಗಾಡಿಗೆ ಸಪ್ಪಳ ಹೆಚ್ಚಾತು ಅಂತ ಸೈಲೆನ್ಸರ್ ಕೊಟ್ರಿ. ಇದಕ್ಕ ಕಡಿಮಿ ಆತು, ಏನೂ ಕೊಡ್ಲಿಲ್ಲ. ನೀವು ಮರತದ್ದನ್ನ ನಾ ಕಟ್ಟೇನಿ."

ಗುಡ್ಡ

ಒಂದಿನ ಹುಡುಗರನ್ನ ಸವದತ್ತಿ ಗುಡ್ಡಕ್ಕ ಕರಕೊಂಡು ಹೋಗಿದ್ನಿ. ಏರು ಹತ್ತುವಾಗ ಬ್ಯಾಟರಿ ಅಂಕಿ ಸರಸರ ಇಳೀತು. ಇಳಿಯುವಾಗ ಕಾಲು ತಗದು ಕುಂತ್ನಿ, ಅಂಕಿ ಏರಾಕ ಹತ್ತಿತು. ಈ ಗಾಡಿ ಇಳಿಜಾರಿನ್ಯಾಗ ತಾನ ಮೇಯಕೊಂಡು ಬರತೈತಿ! ಖರ್ಚಾದದ್ದರಾಗ ಸ್ವಲ್ಪ ವಾಪಸ್ ಬಂತು. ಈ 'ಸ್ವಲ್ಪ' ಮೊಮ್ಮಗಳದು. ನಾ ಹೇಳಿದ್ದು ತುಂಬಿ ಹೊರಗ ಚೆಲ್ಲಿತು ಅಂತ.

ಸೀದಾ ಚೇರಮನ್ನರ ಕಡೆ ಹೋದ್ನಿ. "ಸಾಹೇಬ್ರ, ಹುಡುಗರ ಮನಿ ಎಲ್ಲಾ ಗುಡ್ಡದ ಮ್ಯಾಲೆ, ಸಾಲಿ ತಗ್ಗಿನ್ಯಾಗ ಇತ್ತಂದ್ರ ಕರೆಂಟಿಲ್ಲದ ನಡಸತೇನಿ."

"ಸಂಜಿಕ ಅವರನ್ನ ಮ್ಯಾಲೆ ಒಯ್ಯಾವ್ರು ಯಾರು?"

ಇಂಥಾ ಪ್ರಶ್ನಿಗೆಲ್ಲಾ ನಾ ಅಂಜಾಂವಲ್ಲ. "ಸಂಜಿ ಡ್ಯೂಟಿ ಡೀಸೆಲ್ ಡ್ರೈವರಗ ಕೊಡ್ರಿ" ಅಂದ್ನಿ.

ಗಿರಣಿ

ಪರೀಕ್ಷಾ ತಿಂಗಳದ ಕಡೀ ದಿನ. ಬೈಲಹೊಂಗಲದಾಗ ಹಿಂದಿನ ದಿನದಿಂದ ಕರೆಂಟಿಲ್ಲ, ಸಾಲಿ ಚಾರ್ಜರ್ ಮಲಗೇತಿ. ಬ್ಯಾಟರ್‍ಯಾಗ ಇದ್ದಷ್ಟರಾಗ ಹೊಂಟ್ನಿ. ಕಡೀ ಹಳ್ಯಾಗ ಹುಡುಗರನ್ನ ತುಂಬಿಕೊಂಡು ತಿರುಗೂದರಾಗ ಮುಂದಿನ ಪರದಾ ಮ್ಯಾಲೆ ಆಮಿ ಚಿತ್ರ ಮೂಡಿತು. ಅಕ್ಷರ ಬರದಾಂವಗೂ ತಿಳೀಲಿ ಅಂತ ಇಟ್ಟಾರ. ಚಾರ್ಜ್ ಮುಗೀತು, ಇನ್ನ ಆಮಿಯಂಗ ಹೋಗು ಅಂತ ಅರ್ಥ.

ಆಮಿಯಂಗ ಹೊಂಟಾಗ ಕಿವಿಗೆ ಬಿತ್ತು, ಗರ್ರ್ ಅಂತ. ಆ ಊರಾಗ ಕರೆಂಟ್ ಐತಿ, ಹಿಟ್ಟಿನ ಗಿರಣಿ ನಡದೈತಿ. ಗಿರಣಿಯಂಥಾ ದೊಡ್ಡ ಲೈನಿಗೆ ವೈರ್ ಹಚ್ಚಿದ್ರ ಬಸ್ ಚಾರ್ಜ್ ಆಗತೈತಿ ಅಂತ ಕಂಪನಿ ಸಾಹೇಬ ಹೇಳಿದ್ದ.

ಗಿರಣಿಯಾಂವ, "ಹಚ್ರಿ ಕಾಕಾ, ಆದ್ರ ಗಿರಣಿ ಬಂದ್ ಮಾಡಬೇಕಾಕೈತಿ. ಪಾಳ್ಯಾಗ ನಿಂತವರನ್ನ ಕೇಳ್ರಿ" ಅಂದ.

ಜ್ವಾಳದ ಡಬ್ಬಿ ಹಿಡಕೊಂಡು ನಿಂತಿದ್ದ ಹೆಣ್ಣಮಕ್ಕಳೆಲ್ಲಾ ಹೂಂ ಅಂದ್ರು, ಅವರ ಹುಡುಗರು ಬಸ್ಸಿನ್ಯಾಗ ಇದ್ರು. ಮುಂದ ನಿಂತಿದ್ದ ಒಬ್ಬಾಕಿ ಮುದುಕಿ ಮಾತ್ರ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ.

"ನಮ್ಮ ಮನಿ ಹುಡುಗರು ಅದರಾಗ ಯಾರೂ ಇಲ್ಲ. ನನ್ನ ಪಾಳಿ ಯಾಕ ಬಿಡ್ಲಿ? ಬಸ್ಸು ಬೀಸಿಕೊಳ್ಳಾಕ ಬಂದೈತೇನು?"

"ಬಿಡಬೇ ಯವ್ವಾ. ಇವತ್ತ ತಡಾ ಆತಂದ್ರ ನನ್ನ ನೌಕರಿ ಹೋಕ್ಕೈತಿ. ನಾಳಿಂದ ಹಿಟ್ಟು ಬೀಸಾಕ ನಾನೂ ಇಲ್ಲೇ ನಿನ್ನ ಜೋಡಿ ಪಾಳ್ಯಾಗ ನಿಲ್ಲಾಂವ."

ಮುದುಕಿ ನನ್ನ ಕೆಳಗಿಂದ ಮ್ಯಾಲೆ ನೋಡಿದ್ಲು. "ನಿನ್ನ ಜೋಡಿ ನಿಲ್ಲೂದಕಿಂತ ಪಾಳಿ ಬಿಡೂದು ಛಲೋ. ಆದ್ರ ನಿನ್ನಿ ಬೀಸಿ ಇಟ್ಟ ಈ ಹಿಟ್ಟಿನ ಚೀಲ ಬೈಲಹೊಂಗಲದಾಗ ನನ್ನ ಮಗಳ ಮನಿಗೆ ಮುಟ್ಟಸು."

ಬಸ್ಸಿನ್ಯಾಗ ಜಾಗಾ ಇರಲಿಲ್ಲ. ಚೀಲ ಹಿಂದಿನ ಏಣಿಗೆ ಕಟ್ಟಿದ್ನಿ. ಚಿತ್ರದಾಗಿನ ಆಮಿ ಓಡಿಹೋಗೂ ತನಕ ಚಾರ್ಜ್ ಮಾಡಿ, ವೈರ್ ಕಿತ್ತು, ಗೆಜ್ಜಿ ಹರಿಯೂವಂಗ ಬಿಟ್ನಿ.

ಗೇಟಿನ್ಯಾಗ ಚೇರಮನ್ನರು ನಿಂತಿದ್ರು. ಅವರ ಜೋಡಿ ಬ್ಯಾರೇ ಸಾಲಿಯವರು ನಾಕು ಮಂದಿ, ಹೊಗಿ ಬಿಡದ ಬಸ್ ನೋಡಾಕ ಬಂದಾವ್ರು. ನನ್ನ ಹಿಂದಿನ ಗಾಲಿ ಒಳಗ ಬಂತು, ಗಂಟಿ ಢಣ್ ಅಂತು. ಗೆದ್ನಿ ಅಂತ ಇಳದ್ರ ಚೇರಮನ್ನರ ಮಾರಿ ಕೆಂಪಾಗೇತಿ. ಬಸ್ಸಿನ ಹಿಂದ ರೋಡ್ ತುಂಬ ಬೆಳ್ಳಗ ಮೋಡ ಎದ್ದೈತಿ.

"ಹೊಗಿ ಬಿಡಂಗಿಲ್ಲ ಅಂತ ಇವರಿಗೆಲ್ಲಾ ಹೇಳೇನಿ. ಏನದು?"

ಹಿಂದ ಹೋಗಿ ನೋಡಿದ್ನಿ. ಚೀಲದ ಬಾಯಿ ಬಿಚ್ಚೇತಿ. ಚೇರಮನ್ನರು ಬೆರಳಿಲೆ ಏಣಿ ಸವರಿ, ನಾಲಿಗಿಗೆ ಹಚ್ಚಿ ನೋಡಿದ್ರು.

"ಜ್ವಾಳ" ಅಂದ್ರು.

"ಹೌದ್ರಿ. ಡೀಸೆಲ್ ಗಾಡಿ ಹೊಗ್ಯಾಗ ಕೆಮ್ಮು ಬರತೈತಿ. ನಮ್ಮ ಗಾಡಿ ಹೊಗ್ಯಾಗ ರೊಟ್ಟಿ ಬಡೀಬಹುದು."

ನೋಡಾಕ ಬಂದವರು ಹೊಟ್ಟಿ ಹಿಡಕೊಂಡ್ರು. ಕಡೀಕ ಚೇರಮನ್ನರೂ ನಕ್ಕು, "ಗಾಡಿ ಇರಲಿ, ಈ ಮುದುಕನೂ ಇರಲಿ" ಅಂದ್ರು.

"ನಂದೇನೋ ಬಗಿಹರೀತ್ರಿ. ಆ ಮುದುಕಿ ಮಗಳಿಗೆ ಏನು ಹೇಳ್ಲಿ? ಚೀಲದಾಗ ಒಂದು ಬೊಗಸಿ ಉಳದೈತಿ."

"ಉಳಿದದ್ದು ರೋಡಿನ ಮ್ಯಾಲೆ ಐತಿ ಅನ್ನು. ಜರಡಿ ತಗೊಂಡು ಬರಲಿ, ನಿನ್ನ ಬಸ್ಸಿನ್ಯಾಗ ಕರಕೊಂಡು ಹೋಗು."